ಯಾವ ಮದ್ದು ಮೇಲು?

‘ಖರ್ಚಾದರೂ ಚಿಂತೆಯಿಲ್ಲ, ಎಲ್ಲಕ್ಕಿಂತ ಒಳ್ಳೆಯ ಮದ್ದನ್ನೇ ಕೊಡಿ ಡಾಕ್ಟರೇ’ ಎಂದು ರೋಗಿಯ ಕಡೆಯವರು ಕೈಮುಗಿಯುತ್ತಾರೆ. ರಾಮಬಾಣವೊಂದು ಎಲ್ಲಿಯೋ ಇದ್ದೇ ಇದೆ ಎಂಬುದು ನಮ್ಮೆಲ್ಲರ ನಂಬುಗೆ. ಆದರೆ ಆಸ್ಪತ್ರೆಯಲ್ಲಿಯೇ ಬೀಡುಬಿಟ್ಟು, ಶಸ್ತ್ರಕ್ರಿಯೆಯ ಗಾಯವನ್ನೋ ರಕ್ತವನ್ನೋ ಶ್ವಾಸಕೋಶವನ್ನೋ ಹೊಗುವ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ರೋಗಾಣುವಿನ ಮುಂದೆ ಈ ನಂಬುಗೆ ನಿಲ್ಲದು. ಅದು ಪೆನಿಸಿಲಿನ್ನಿಗೆ ಬಗ್ಗದಾದಾಗ 1959ರಲ್ಲಿ ಮೆಥಿಸಿಲಿನ್ ಬಂದಿತು. 1961ರ ವೇಳೆಗೆ ಅದಕ್ಕೂ ಮಣಿಯದ ತಳಿಗಳು ಇಂಗ್ಲೆಂಡಿನಲ್ಲಿ ತಲೆಯೆತ್ತಿದ್ದವು. ವೈದ್ಯರು ಎಂ.ಆರ್.ಎಸ್.ಎ. ಎನ್ನುವುದು ಇವನ್ನೇ.

ಇವುಗಳ ಎದುರು ನಿಂತ ಹಿರಿಯ ಮದ್ದು ವ್ಯಾಂಕೊಮೈಸಿನ್. ಬೋರ್ನಿಯೋ ಕಾಡಿನ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ ದೊರೆತ ಇದಕ್ಕೆ 1958ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮೊದಮೊದಲು ಎಷ್ಟು ಕಲ್ಮಷ ಬೆರೆತು ಕಂದುಬಣ್ಣಕ್ಕಿತ್ತೆಂದರೆ, ‘ಮಿಸಿಸಿಪಿಯ ಕೆಸರು’ ಎಂಬ ಅಡ್ಡಹೆಸರೇ ಅದಕ್ಕೆ ಅಂಟಿತ್ತು! ಶುದ್ಧಿಗೊಂಡ ಮೇಲೂ ಒಂದು ದೋಷ ಉಳಿಯಿತು: ಪ್ರಮಾಣ ಮೀರಿದರೆ ಮೂತ್ರಪಿಂಡಗಳಿಗೆ ಪೆಟ್ಟು. ಆದುದರಿಂದಲೇ ರಕ್ತದಲ್ಲಿ ಅದರ ಅಂಶವೆಷ್ಟೆಂದು ಅಳೆದಳೆದು ಕೊಡುತ್ತಾರೆ.

2000ದಲ್ಲಿ ಲೈನೆಜೋಲಿಡ್ ಬಂದಿತು. ಗುಳಿಗೆಯಾಗಿ ನುಂಗಿದರೂ ಸೂಜಿಯ ಮೂಲಕ ಕೊಟ್ಟಷ್ಟೇ ಮೈಗೆ ಹತ್ತುವುದು ಇದರ ಹೆಚ್ಚುಗಾರಿಕೆ. ಆಸ್ಪತ್ರೆಯಲ್ಲಿ ಈ ರೋಗಾಣುವಿನಿಂದ ನ್ಯುಮೋನಿಯ ತಗುಲಿದವರಲ್ಲಿ ಎರಡನ್ನೂ ಹೋಲಿಸಿ ನೋಡಿದ ಪರೀಕ್ಷೆಯೊಂದು 2012ರಲ್ಲಿ ಪ್ರಕಟವಾಯಿತು. ಲೈನೆಜೋಲಿಡ್ ಪಡೆದವರಲ್ಲಿ ನೂರಕ್ಕೆ ಸುಮಾರು 58 ಮಂದಿ ಗುಣ ಕಂಡರು. ವ್ಯಾಂಕೊಮೈಸಿನ್ ಪಡೆದವರಲ್ಲಿ ಸುಮಾರು 47. ಮೂತ್ರಪಿಂಡಕ್ಕೆ ತೊಂದರೆಯಾದವರು ಮೊದಲನೆಯ ಪಂಗಡದಲ್ಲಿ ನೂರಕ್ಕೆ 8, ಎರಡನೆಯದರಲ್ಲಿ 18. ಇಷ್ಟು ಓದಿದೊಡನೆ ತೀರ್ಪು ಬರೆದುಬಿಡುವ ಮನಸ್ಸಾಗುತ್ತದೆ. ಆದರೆ ಅರವತ್ತು ದಿನಗಳೊಳಗೆ ತೀರಿಕೊಂಡವರ ಪ್ರಮಾಣ ಎರಡು ಪಂಗಡಗಳಲ್ಲಿಯೂ ಹೆಚ್ಚುಕಡಮೆ ಒಂದೇ ಆಗಿತ್ತು! ಸಾಲದುದಕ್ಕೆ, ಲೈನೆಜೋಲಿಡ್ಡನ್ನು ಎರಡು ವಾರ ಮೀರಿ ಕೊಟ್ಟರೆ ರಕ್ತ ಹೆಪ್ಪುಗಟ್ಟಲು ಬೇಕಾದ ಕಣಗಳು ಇಳಿಯುವ ಭಯವುಂಟು. ತಿಂಗಳುಗಟ್ಟಲೆ ಸಾಗಿದರೆ ಕಣ್ಣಿನ ನರಕ್ಕೂ ಅಪಾಯ. ಅಲ್ಲದೆ ಅದು ಈ ರೋಗಾಣುವಿನ ಬೆಳವಣಿಗೆಯನ್ನು ತಡೆಯುತ್ತದೆ, ಕೊಲ್ಲುವುದಿಲ್ಲ. ಆದಕಾರಣ ರಕ್ತವೇ ಸೋಂಕಿದಾಗ ವೈದ್ಯರು ಮೊದಲು ಅದರತ್ತ ಕೈ ಚಾಚುವುದಿಲ್ಲ.

ಅಲ್ಲಿ ಬೇಕಾದ ಕೊಲೆಗಾರ ಡಾಪ್ಟೊಮೈಸಿನ್. ದಿನಕ್ಕೆರಡು ಬಾರಿ ಕೊಟ್ಟು ನೋಡಿದಾಗ ಸ್ನಾಯುಗಳು ನೊಂದುದರಿಂದ ಇದನ್ನು ಕಂಡುಹಿಡಿದ ಕಂಪನಿಯೇ ಮೂಲೆಗಿರಿಸಿತ್ತು. ಮತ್ತೊಂದು ಕಂಪನಿ ದಿನಕ್ಕೊಮ್ಮೆ ಮಾತ್ರ ಕೊಟ್ಟು ನೋಡಿತು. ಸ್ನಾಯುಗಳ ನೋವು ತಗ್ಗಿತು, 2003ರಲ್ಲಿ ಮದ್ದು ಬಳಕೆಗೆ ಬಂದಿತು. ರಕ್ತದಲ್ಲಿ ಇಷ್ಟು ಚುರುಕಾದ ಈ ಮದ್ದು ನ್ಯುಮೋನಿಯಕ್ಕೆ ಮಾತ್ರ ನಿರುಪಯೋಗಿ. ಶ್ವಾಸಕೋಶದ ಗಾಳಿಗೂಡುಗಳು ಕುಸಿಯದಂತೆ ಕಾಪಾಡುವ ಜಿಡ್ಡಿನಂತಹ ದ್ರವವೊಂದಿದೆ. ಒಳಹೊಕ್ಕ ಡಾಪ್ಟೊಮೈಸಿನ್ನನ್ನು ಅದು ಅಲ್ಲಿಯೇ ಕಟ್ಟಿಹಾಕಿಬಿಡುತ್ತದೆ. ರೋಗಾಣುವಿಗೆ ಒಂದಿಷ್ಟೂ ನೋವಾಗದು.