ಹುಲಿತಲೆಯ ರಾಕ್ಷಸ

1977ರಲ್ಲಿ ಅಮೆರಿಕದಲ್ಲಿ ಅಚ್ಚಾದ ಒಂದು ಆಟದ ಪುಸ್ತಕದಲ್ಲಿ ಹೀಗೊಂದು ಚಿತ್ರವಿದೆ: ಸಿರಿವಂತರು ಮನೆಯೊಳಗೆ ತೊಡುವಂಥ ಮೇಲಂಗಿ, ಕೈಯಲ್ಲಿ ಧೂಮಪಾನದ ಪೈಪು, ಹೆಗಲ ಮೇಲೆ ಹುಲಿಯ ತಲೆ. ಚಿತ್ರ ಬರೆದವರು ಡೇವಿಡ್ ಟ್ರ್ಯಾಂಪಿಯರ್. ಆ ಪ್ರಾಣಿಗೆ ಪುಸ್ತಕ ಕೊಟ್ಟ ಹೆಸರು ‘ರಾಕ್ಷಸ’. ಮೊದಲು ಭಾರತದಲ್ಲಿ ಕಾಣಿಸಿಕೊಂಡ ದುಷ್ಟಜೀವಿ ಎಂಬ ವಿವರವೂ ಅಲ್ಲಿದೆ.

ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು 1974ರಲ್ಲಿ ಇದನ್ನು ಹೊರತಂದರು. ನಾಲ್ಕಾರು ಮಂದಿ ಮೇಜಿನ ಸುತ್ತ ಕುಳಿತು ಆಡುವ ಆಟವಿದು. ಒಬ್ಬನು ಸೂತ್ರಧಾರನಾಗಿ ಕಥೆ ನಡೆಸುತ್ತಾನೆ; ಉಳಿದವರು ಒಂದೊಂದು ಪಾತ್ರವನ್ನು ವಹಿಸಿಕೊಂಡು ಮಾತಿನಿಂದಲೇ ಅದನ್ನು ಮುಂದುವರಿಸುತ್ತಾರೆ. ಗೆಲುವೋ ಸೋಲೋ ಎಂಬ ಸಂದೇಹ ಬಂದಾಗ ಇಪ್ಪತ್ತು ಮುಖಗಳ ದಾಳ ತೀರ್ಪು ಹೇಳುತ್ತದೆ. ತಾಳಮದ್ದಳೆ ಕೇಳಿ ಬಲ್ಲವರಿಗೆ ಇದು ತೀರ ಅಪರಿಚಿತವೆನಿಸದು. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲಿಯೇ ಲೋಕವೊಂದು ಏಳುತ್ತದೆ.

ಅಷ್ಟು ದೊಡ್ಡ ಲೋಕಕ್ಕೆ ಬೇಕಾದ ಜೀವಿಗಳನ್ನು ಆಟದವರು ಎಲ್ಲೆಲ್ಲಿಂದಲೋ ತಂದರು. ಗ್ರೀಕರ ಮೆಡೂಸಾ, ಯೆಹೂದ್ಯರ ಗೋಲೆಮ್, ಅರಬರ ಜಿನ್ನಿ, ಭಾರತದ ನಾಗ, ಎಲ್ಲವೂ ಬಂದವು. ರಾಕ್ಷಸ ಬಂದ ದಾರಿ ಮಾತ್ರ ಸ್ವಲ್ಪ ವಿಚಿತ್ರ. ಅವನು ರಾಮಾಯಣದಿಂದ ನೇರವಾಗಿ ಬಂದವನಲ್ಲ. 1974ರ ಡಿಸೆಂಬರಿನಲ್ಲಿ ಅಮೆರಿಕದ ದೂರದರ್ಶನದಲ್ಲಿ ‘ಕೋಲ್ಚಾಕ್’ ಎಂಬ ಭಯಾನಕ ಧಾರಾವಾಹಿಯ ಒಂದು ಕಂತು ಪ್ರಸಾರವಾಯಿತು. ಅದರಲ್ಲಿ ರಾಕ್ಷಸನು ಬಲಿಯಾಗುವವರ ಕಣ್ಣಿಗೆ ಅವರು ನಂಬಿದ ವ್ಯಕ್ತಿಯಂತೆಯೇ ಕಾಣಿಸಿಕೊಳ್ಳುತ್ತಾನೆ; ಮಂತ್ರಿಸಿದ ಬಾಣದಿಂದ ಸಾಯುತ್ತಾನೆ. ಈ ಮರುಳುಮಾಯೆ ಮತ್ತು ಬಾಣ ಎರಡೂ ಹಾಗೆಯೇ ಆಟದ ನಿಯಮಗಳಾದವು. ಹುಲಿತಲೆಯನ್ನು ಚಿತ್ರಕಾರ ಸೇರಿಸಿದ. ಹಿಂದುಮುಂದಾಗಿ ತಿರುಗಿದ ಅಂಗೈಗಳು ಆಮೇಲೆ ಕೂಡಿಕೊಂಡವು. 2014ರ ಐದನೆಯ ಆವೃತ್ತಿಯಲ್ಲಿಯೂ ಅವನು ಹುಲಿತಲೆಯವನೇ.

ಕಾಸರಗೋಡಿನ ಬಯಲಾಟಗಳನ್ನು ನೋಡಿ ಬೆಳೆದ ಮಗುವಿಗೆ ಈ ಚಿತ್ರವನ್ನು ತೋರಿಸಿದರೆ ಅದು ನಕ್ಕೀತು. ಹುಲಿವೇಷ ಬೇರೆ, ಬಣ್ಣದ ವೇಷ ಬೇರೆ ಎಂಬುದು ಅಲ್ಲಿ ಯಾರೂ ಕಲಿಸದೆಯೇ ತಿಳಿಯುವ ಸಂಗತಿ. ತೆಂಕುತಿಟ್ಟಿನ ಚೌಕಿಯಲ್ಲಿ ಬಣ್ಣದ ವೇಷಧಾರಿಯು ಮುಖಕ್ಕೆ ಬಣ್ಣ ಬಳಿದು, ಅಕ್ಕಿಹಿಟ್ಟು ಮತ್ತು ಸುಣ್ಣ ಸೇರಿದ ಚಿಟ್ಟಿಯನ್ನು ಒಂದೊಂದೇ ಮುಳ್ಳಾಗಿ ಇಟ್ಟುಕೊಳ್ಳಲು ಗಂಟೆಗಟ್ಟಲೆ ಕೂರಬೇಕು. ರಾವಣನಂಥವನಿಗೆ ರಾಜಬಣ್ಣ, ಕಾಡಿನ ಒರಟು ರಾಕ್ಷಸನಿಗೆ ಕಾಟುಬಣ್ಣ, ಶೂರ್ಪನಖಿಗೆ ಹೆಣ್ಣುಬಣ್ಣ. ರಾಕ್ಷಸರಲ್ಲಿಯೂ ಅಂತಸ್ತು, ಸ್ವಭಾವ, ಘನತೆಗಳ ಭೇದವಿದೆ ಎಂಬುದನ್ನು ಮುಖವರ್ಣಿಕೆಯೇ ಹೇಳುತ್ತದೆ.

ಕಥೆಯಲ್ಲಿಯೂ ಹಾಗೆಯೇ. ವಾಲ್ಮೀಕಿಯ ಹನುಮಂತನಿಗೆ ಲಂಕೆಯ ಇರುಳಿನಲ್ಲಿ ರಾಕ್ಷಸರ ವೇದಘೋಷ ಕೇಳಿಸುತ್ತದೆ. ವಿಭೀಷಣ ರಾಕ್ಷಸ, ಪಾಂಡವರಿಗಾಗಿ ಪ್ರಾಣ ಕೊಟ್ಟ ಘಟೋತ್ಕಚ ರಾಕ್ಷಸಿಯ ಮಗ. ಅಣ್ಣನ ತಪ್ಪನ್ನು ಮುಖಕ್ಕೇ ಹೇಳಿ, ಆ ಬಳಿಕ ಅವನಿಗಾಗಿಯೇ ಕಾದಿ ಸಾಯುವ ಕುಂಭಕರ್ಣನದು ಇನ್ನೊಂದು ಬಗೆ. ಆಟದ ಪುಸ್ತಕ ಮಾಯಾರೂಪವನ್ನು ಸರಿಯಾಗಿಯೇ ಹಿಡಿದಿತ್ತು. ಈ ಇಕ್ಕಟ್ಟುಗಳನ್ನು ಬಿಟ್ಟಿತು. ಅಲ್ಲಿ ರಾಕ್ಷಸನೆಂದರೆ ಹುಟ್ಟಿನಿಂದಲೇ ಕೆಟ್ಟವನು, ಕೊಲ್ಲಬೇಕಾದವನು, ಅಷ್ಟೇ.

ಹಾಗೆಂದು, ಬದಲಿಸಿದ್ದೇ ತಪ್ಪೆನ್ನುವಂತಿಲ್ಲ. ಕನ್ನಡದಲ್ಲಿಯೇ ನಾಗಚಂದ್ರನು ಜೈನ ಪರಂಪರೆಯನ್ನು ಅನುಸರಿಸಿ ರಾವಣನನ್ನು ವಿದ್ಯಾಧರ ಕುಲದ ರಾಜನನ್ನಾಗಿಸಿದ. ರಾಕ್ಷಸ ಎಂಬುದು ಆ ಪರಂಪರೆಯಲ್ಲಿ ಒಂದು ವಂಶದ ಹೆಸರು. ಹತ್ತು ತಲೆಗಳೆಂಬುವು ಕೊರಳಹಾರದ ಮಣಿಗಳಲ್ಲಿ ಮೂಡಿದ ಮುಖದ ಪ್ರತಿಬಿಂಬಗಳು. ಹುಲಿತಲೆಗಿಂತ ಇದೇನು ಸಣ್ಣ ಬದಲಾವಣೆಯಲ್ಲ. ಆದರೆ ಜೈನ ಕವಿಗಳು ಇನ್ನೊಂದು ರಾಮಾಯಣವನ್ನು ಬಲ್ಲವರಾಗಿ, ಅದಕ್ಕೆ ಉತ್ತರವಾಗಿ ಬರೆದರು. ಕೇಳುವವರಿಗೂ ಎರಡೂ ಗೊತ್ತಿದ್ದವು. ದೂರದರ್ಶನದ ಒಂದು ಕಂತಿನಿಂದ ಎತ್ತಿಕೊಂಡವರಿಗೆ ಉತ್ತರಿಸಲು ಎದುರಿಗೆ ಏನೂ ಇರಲಿಲ್ಲ.

ಇನ್ನೂ ಯೋಚಿಸಬೇಕಾದ ಸಂಗತಿ ಬೇರೆ ಇದೆ. ಅದೇ ಆಟದ ಮೊದಲ ಮುದ್ರಣಗಳಲ್ಲಿ ಟೋಲ್ಕಿನ್ ಎಂಬ ಇಂಗ್ಲಿಷ್ ಕಾದಂಬರಿಕಾರನ ‘ಹಾಬಿಟ್’ಗಳೂ ನಡೆದಾಡುವ ಮರಗಳಾದ ‘ಎಂಟ್’ಗಳೂ ಇದ್ದವು. ಹಕ್ಕುದಾರರು ಆಕ್ಷೇಪಿಸಿದ ಕೂಡಲೇ ಹಾಬಿಟ್ ಹೋಗಿ ‘ಹಾಫ್ಲಿಂಗ್’ ಆಯಿತು, ಎಂಟ್ ಹೋಗಿ ‘ಟ್ರೀಯೆಂಟ್’ ಆಯಿತು. 1980ರಲ್ಲಿ ಅದೇ ಕಂಪನಿ ದೇವತೆಗಳ ಬಗೆಗೊಂದು ಪುಸ್ತಕ ತಂದಿತು. ಇಂದ್ರ, ಅಗ್ನಿ, ವರುಣ, ಕಾಳಿ, ವಿಷ್ಣು ಎಲ್ಲರೂ ಅದರಲ್ಲಿದ್ದರು. ಯಾರು ಎಷ್ಟು ಪೆಟ್ಟು ತಾಳಬಲ್ಲರು ಎಂಬ ಅಂಕಿಗಳೊಡನೆ! ಆಧುನಿಕ ಲೇಖಕರಾದ ಲವ್‌ಕ್ರಾಫ್ಟ್ ಮತ್ತು ಮೂರ್‌ಕಾಕ್ ಕಲ್ಪಿಸಿದ ದೇವತೆಗಳ ಎರಡು ಅಧ್ಯಾಯಗಳೂ ಇದ್ದವು. ಆ ಎರಡರ ಪರವಾನಗಿ ಇನ್ನೊಂದು ಆಟದ ಕಂಪನಿಯ ಬಳಿಯಿತ್ತು. ಮೊದಲು ಅವರಿಗೊಂದು ಕೃತಜ್ಞತೆ ಅಚ್ಚಾಯಿತು; ಮುಂದಿನ ಮುದ್ರಣಗಳಲ್ಲಿ ಅಧ್ಯಾಯಗಳೇ ಮಾಯವಾಗಿ, 144 ಪುಟಗಳ ಪುಸ್ತಕ 128ಕ್ಕಿಳಿಯಿತು. ಇಂದ್ರಾದಿಗಳು ಇದ್ದಲ್ಲೇ ಉಳಿದರು. ಕೇಳಿ ಪಡೆಯಬೇಕೆಂಬ ಅರಿವು ಕಂಪನಿಗೆ ಇರಲಿಲ್ಲವೆಂದಲ್ಲ. ಒಬ್ಬ ವಕೀಲನ ಹಿಂದೆ ನಿಂತ ಕಥೆಗೆ ಒಂದು ನ್ಯಾಯ, ಇಡೀ ಜನಸಮುದಾಯದ ಕಥೆಗೆ ಇನ್ನೊಂದು ನ್ಯಾಯ.

ಕಾಲ ಸ್ವಲ್ಪ ಬದಲಾಗಿದೆ. ಆಟವನ್ನು ಈಗ ನಡೆಸುತ್ತಿರುವ ‘ವಿಝರ್ಡ್ಸ್ ಆಫ್ ದಿ ಕೋಸ್ಟ್’ ಕಂಪನಿಯು 2020ರಲ್ಲಿ, ತನ್ನ ಹಳೆಯ ಪುಸ್ತಕಗಳಲ್ಲಿ ಜನಾಂಗೀಯ ಪೂರ್ವಗ್ರಹಗಳಿರಬಹುದೆಂಬ ಒಕ್ಕಣೆಯನ್ನು ಅವುಗಳ ಮಾರಾಟದ ಪುಟಗಳಲ್ಲಿ ಸೇರಿಸಿತು. ಒಕ್ಕಣೆ ಸೇರಿಸುವುದು ಸುಲಭ. ಅದಕ್ಕಿಂತ ತೂಕವುಳ್ಳದ್ದು 2022ರ ‘ಜರ್ನೀಸ್ ಥ್ರೂ ದಿ ರೇಡಿಯಂಟ್ ಸಿಟಡೆಲ್’. ಅದರ 13 ಸಾಹಸಕಥೆಗಳನ್ನು ಕಪ್ಪುವರ್ಣೀಯ, ಏಷ್ಯನ್ ಮುಂತಾದ ಮೂಲಗಳ ಬರಹಗಾರರೇ ತಮ್ಮತಮ್ಮ ಪರಂಪರೆಯ ನೆನಪಿನಿಂದ ಬರೆದರು. ಬಂಗಾಳದ ಲೇಖಕಿ ಮಿಮಿ ಮೊಂಡಲ್ ತಮ್ಮ ಕಥೆಗೆ ‘ಶಂಖಭೂಮಿ’ ಎಂಬ ನದಿಗಳ ನಾಡನ್ನು ಕಟ್ಟಿಕೊಂಡರು. ಹೆಸರು ಬೇರೆ, ನೀರು ಬಂಗಾಳದ್ದು.

ಇಂದು ಈ ಆಟಗಳು ಮೊಬೈಲು, ಗಣಕಗಳ ಮೂಲಕ ಗಡಿನಾಡಿನ ಮನೆಗಳಿಗೂ ಬರಬಲ್ಲವು. ಮಗು ‘ರಾಕ್ಷಸ’ ಎಂಬ ಪದವನ್ನು ಮೊದಲು ಕೇಳುವುದು ಅಜ್ಜಿಯ ಬಾಯಲ್ಲೋ, ಚೆಂಡೆಯ ಸದ್ದಿನ ನಡುವೆ ತೆರೆಯ ಹಿಂದಿನಿಂದ ಬರುವ ಅಟ್ಟಹಾಸದಲ್ಲೋ, ಇಂಗ್ಲಿಷ್ ಅಕ್ಷರಗಳಲ್ಲೋ ಎಂಬುದರ ಮೇಲೆ ಬಹಳವಿದೆ. ಮೊದಲೆರಡನ್ನು ಬಲ್ಲ ಮಗುವಿಗೆ ಹುಲಿತಲೆ ಒಂದು ತಮಾಷೆ. ಬೇರೆ ಯಾವುದನ್ನೂ ಕಾಣದ ಮಗುವಿಗೆ ಅದೇ ರಾಕ್ಷಸ.

ಆಟದಲ್ಲಿ ಒಂದು ಅನುಕೂಲವಿದೆ. ಪುಸ್ತಕದಲ್ಲಿ ಏನೇ ಅಚ್ಚಾಗಿರಲಿ, ಅದನ್ನು ಬದಲಿಸುವ ಅಧಿಕಾರವನ್ನು ನಿಯಮಗಳೇ ಸೂತ್ರಧಾರನಿಗೆ ಕೊಟ್ಟಿವೆ. ಪಾರ್ತಿಸುಬ್ಬನ ಪ್ರಸಂಗಗಳನ್ನು ಕಂಡ ಕುಂಬಳೆ ಕಡೆಯ ಹುಡುಗಿಯೊಬ್ಬಳು ಆ ಜಾಗದಲ್ಲಿ ಕುಳಿತರೆ, ಲಂಕೆಯ ಕೋಟೆ ದಾಟಿ ಬಂದ ಗೆಳೆಯರಿಗೆ ಮೊದಲು ವೇದಘೋಷವನ್ನೇ ಕೇಳಿಸಬಹುದು. ಕತ್ತಿ ಎತ್ತಬೇಕೋ ಬೇಡವೋ ಎಂದು ಅವರು ಒಂದು ಗಳಿಗೆ ಪರಸ್ಪರ ಮುಖ ನೋಡಿಕೊಳ್ಳುವಂತೆ.