ಆಯುಧದ ಹೆಸರು, ಸಾವಿನ ಹೆಸರು: ಟೇಸರ್ ಕುರಿತ ಕಥನಗಳು

ಜಾನಪದವೆಂದರೆ ಹಾಡು, ಕಥೆ, ಆಚರಣೆ ಮಾತ್ರ ಎಂಬ ಭಾವನೆ ಈಗಲೂ ಉಳಿದಿದೆ. ಆದರೆ ಒಂದು ಸಮುದಾಯವು, ಅದು ಪೊಲೀಸರದ್ದಾಗಿರಲಿ ವೈದ್ಯರದ್ದಾಗಿರಲಿ, ವಸ್ತುವೊಂದಕ್ಕೆ ಇಡುವ ಹೆಸರು ಮತ್ತು ಹಠಾತ್ ಸಾವಿಗೆ ಹೇಳುವ ಕಾರಣ ಕೂಡ ನಮ್ಮ ಅಧ್ಯಯನದ ವ್ಯಾಪ್ತಿಗೆ ಬರುತ್ತವೆ. ಉತ್ತರ ಅಮೆರಿಕದ ಪೊಲೀಸರು ಬಳಸುವ ಟೇಸರ್ ಎಂಬ ವಿದ್ಯುದಾಯುಧವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1970ರ ದಶಕದಲ್ಲಿ ಇದನ್ನು ರೂಪಿಸಿದ ಜ್ಯಾಕ್ ಕವರ್, ಟಾಮ್ ಸ್ವಿಫ್ಟ್ ಎಂಬ ಕಥಾನಾಯಕನ ವಿದ್ಯುತ್ ಬಂದೂಕನ್ನು ನೆನೆದು, ಅದರ ಮೊದಲಕ್ಷರಗಳನ್ನು ಜೋಡಿಸಿ ಈ ಹೆಸರನ್ನು ಕಟ್ಟಿದರು. 1911ರ ಆ ಮಕ್ಕಳ ಕಾದಂಬರಿಯಲ್ಲಿ ಬಿಳಿಯ ತರುಣನೊಬ್ಬ ಆ ಬಂದೂಕು ಹಿಡಿದು ಆಫ್ರಿಕಾಕ್ಕೆ ಆನೆ ಬೇಟೆಗೆ ಹೋಗುತ್ತಾನೆ. ಅಲ್ಲಿಯ ಜನ ಕಥೆಯಲ್ಲಿ ಬರಿಯ ಕಾಡುಜನ.

ಆಯುಧದಿಂದ ಚಿಮ್ಮುವ ಎರಡು ಮುಳ್ಳುಗಳು ತಂತಿಯೊಡನೆ ಮೈಗೆ ನೆಡುತ್ತವೆ. ಒಂದು ಸಲಕ್ಕೆ ಐದು ಸೆಕೆಂಡುಗಳ ಕಾಲ ವಿದ್ಯುತ್ ಮಿಡಿತಗಳು ಹರಿದು, ಸ್ನಾಯುಗಳು ಸೆಟೆದು ವ್ಯಕ್ತಿ ಉರುಳಿ ಬೀಳುತ್ತಾನೆ. ಪಿಸ್ತೂಲಿಗೆ ಬದಲಾಗಿ ಬಳಸಿದಾಗ ಇದು ಜೀವ ಉಳಿಸಬಲ್ಲುದು ಎಂಬುದನ್ನು ಒಪ್ಪಬೇಕು. ಪಿಸ್ತೂಲಿನ ಪ್ರಸಂಗವೇ ಇಲ್ಲದಲ್ಲಿ ಬಳಕೆಯಾಗುವುದೇ ಸಮಸ್ಯೆ.

2007ರ ಅಕ್ಟೋಬರ್ 14ರಂದು ಕೆನಡಾದ ವ್ಯಾಂಕೂವರ್ ವಿಮಾನನಿಲ್ದಾಣದಲ್ಲಿ ನಡೆದದ್ದು ಅಂಥದೇ. ತಾಯಿಯೊಡನೆ ನೆಲೆಸಲು ಪೋಲೆಂಡಿನಿಂದ ಬಂದ ರಾಬರ್ಟ್ ಜೆಕಾನ್ಸ್ಕಿಗೆ ಇಂಗ್ಲಿಷ್ ಬಾರದು. ಸುಮಾರು ಹತ್ತು ಗಂಟೆ ಅಲ್ಲೇ ಅಲೆದ ಆತನನ್ನು ವಿಚಾರಿಸುವ ದುಭಾಷಿ ಸಿಗಲಿಲ್ಲ. ಹೊರಗೆ ಕಾದಿದ್ದ ತಾಯಿ, ಮಗ ಬಂದಿಲ್ಲವೆಂದು ತಿಳಿದು ಹಿಂತಿರುಗಿದ್ದರು. ಕೊನೆಗೆ ಬಂದ ನಾಲ್ವರು ಪೊಲೀಸರು, ಆತನ ಕೈಯಲ್ಲಿ ಸ್ಟೇಪ್ಲರ್ ಕಂಡು, ಐದು ಬಾರಿ ಟೇಸರ್ ಪ್ರಯೋಗಿಸಿದರು. ಆತ ಅಲ್ಲಿಯೇ ಮೃತಪಟ್ಟ. ತಾವು ಆತನೊಡನೆ ಸೆಣಸಿ ನೆಲಕ್ಕೆ ಕೆಡವಬೇಕಾಯಿತೆಂದು ಪೊಲೀಸರ ಹೇಳಿಕೆಗಳಲ್ಲಿತ್ತು. ಆದರೆ ಪ್ರಯಾಣಿಕನೊಬ್ಬ ತೆಗೆದ ವಿಡಿಯೊದಲ್ಲಿ ಅಂಥ ಸೆಣಸಾಟವೇ ಇರಲಿಲ್ಲ. ಒಂದೇ ತಪ್ಪು ಹಲವು ಹೇಳಿಕೆಗಳಲ್ಲಿ ಮರುಕಳಿಸಿದರೆ ಪಾಠಾಂತರಗಳ ಅಭ್ಯಾಸವಿರುವವರು ಸಮಾನ ಮೂಲವನ್ನು ಶಂಕಿಸುತ್ತಾರೆ. ಬ್ರೇಯ್ಡ್‌ವುಡ್ ಆಯೋಗವು 2010ರಲ್ಲಿ ಪೊಲೀಸರ ಕೃತ್ಯಕ್ಕೆ ಸಮರ್ಥನೆಯಿಲ್ಲವೆಂದಿತು. 2015ರಲ್ಲಿ ಇಬ್ಬರು ಸುಳ್ಳುಸಾಕ್ಷ್ಯದ ಅಪರಾಧಿಗಳೆಂದು ಸಾಬೀತಾಯಿತು.

ಇದೇ ಆಯೋಗ 2009ರ ವರದಿಯಲ್ಲಿ, ಈ ಆಯುಧ ಹೃದಯದ ಲಯ ತಪ್ಪಿಸಿ ಸಾವು ತರಬಲ್ಲುದೆಂದೂ, ಅಂಥ ಸಾವನ್ನು 'ಉದ್ರಿಕ್ತ ಸನ್ನಿ'ಯ ಮೇಲೆ ಹೊರಿಸುವುದು ಸಲ್ಲದೆಂದೂ ಹೇಳಿತ್ತು. 1985ರಲ್ಲಿ ಮಯಾಮಿಯ ಚಾರ್ಲ್ಸ್ ವೆಟ್ಲಿ ಮತ್ತು ಡೇವಿಡ್ ಫಿಶ್‌ಬೇನ್ ಕೊಕೇನ್ ಸಾವುಗಳ ಸಂದರ್ಭದಲ್ಲಿ ಚಲಾವಣೆಗೆ ತಂದ ಪದವಿದು. ಅದೇ ನಗರದಲ್ಲಿ ಸತ್ತು ಬಿದ್ದಿದ್ದ ಕಪ್ಪು ಮಹಿಳೆಯರ ಸಾವಿಗೂ ವೆಟ್ಲಿ ಕೊಕೇನನ್ನೇ ಕಾರಣವಾಗಿಸಿದ್ದರು. ಮರುಪರೀಕ್ಷೆಯಲ್ಲಿ ಅವು ಕೊಲೆಗಳೆಂದು ತಿಳಿದವು. ನಮ್ಮ ಹಳ್ಳಿಗಳಲ್ಲಿ ಹಠಾತ್ ಸಾವಿಗೆ 'ಗಾಳಿ ಸೋಕಿತು' ಎನ್ನುವುದುಂಟು. ಆ ಮಾತು ಉಳಿದವರ ದುಃಖಕ್ಕೆ ಸಮಾಧಾನ. ಈ ಪದವಾದರೋ ಕೊಂದವರಿಗೆ ರಕ್ಷೆಯಾಯಿತು.

ಅಮೆರಿಕದ ತುರ್ತು ಚಿಕಿತ್ಸಾ ವೈದ್ಯರ ಕಾಲೇಜು, ಈ ಪದವನ್ನು ಸಮರ್ಥಿಸಿದ್ದ ತನ್ನ 2009ರ ಪ್ರಬಂಧವನ್ನು 2023ರಲ್ಲಿ ಹಿಂಪಡೆಯಿತು. ಅದೇ ವರ್ಷ ಕ್ಯಾಲಿಫೋರ್ನಿಯಾ ಇದನ್ನು ಮರಣಕಾರಣವೆಂದು ಬರೆಯುವುದನ್ನು ನಿಷೇಧಿಸಿತು. ಮೇರಿಲ್ಯಾಂಡ್ ರಾಜ್ಯದಲ್ಲಿ ಪೊಲೀಸರ ಹಿಡಿತದಲ್ಲಿ ಸಂಭವಿಸಿದ್ದ 87 ಹಳೆಯ ಸಾವುಗಳನ್ನು ಸ್ವತಂತ್ರ ತಜ್ಞರು ಮರುಪರಿಶೀಲಿಸಿದರು. 2025ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ, ಹಿಂದೆ ಬೇರೆ ಹೆಸರಿನಲ್ಲಿ ದಾಖಲಾಗಿದ್ದ 36 ಸಾವುಗಳು ನರಹತ್ಯೆಗಳು.