ಹಿನ್ನೆಲೆ ಧ್ವನಿಗೆ ಪಾಟಿ ಸವಾಲಿಲ್ಲ

ಇಂಗ್ಲಿಷಿನ 'ಡಾಕ್ಯುಮೆಂಟರಿ'ಗೆ ಕನ್ನಡದಲ್ಲಿ 'ಸಾಕ್ಷ್ಯಚಿತ್ರ' ಎಂಬ ಹೆಸರು ನೆಲೆಯೂರಿದೆ. ಮೂಲದ ಪದ ದಾಖಲೆಯನ್ನಷ್ಟೇ ಸೂಚಿಸುತ್ತದೆ. ನಮ್ಮ ಪದ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಅದನ್ನು ಸಾಕ್ಷಿಯ ಕಟಕಟೆಯಲ್ಲಿ ನಿಲ್ಲಿಸುತ್ತದೆ. ಆದರೆ ನ್ಯಾಯಾಲಯದಲ್ಲಿ ಸಾಕ್ಷಿ ನುಡಿದವನು ಪಾಟಿ ಸವಾಲನ್ನು ಎದುರಿಸಬೇಕು. ನೀನು ನಿಂತಿದ್ದುದು ಎಲ್ಲಿ, ಅಲ್ಲಿಂದ ಏನು ಕಾಣುತ್ತಿತ್ತು, ನಿನ್ನನ್ನು ಕರೆತಂದವರು ಯಾರು ಎಂದು ಎದುರು ಪಕ್ಷದ ವಕೀಲ ಕೆದಕುತ್ತಾನೆ. ತೆರೆಯ ಮೇಲಿನ ಸಾಕ್ಷಿಗೆ ಈ ಕಾಟವಿಲ್ಲ. ಅದು ಹೇಳಬೇಕಾದುದನ್ನು ಹೇಳಿ ಮುಗಿಸುತ್ತದೆ, ದೀಪಗಳು ಹತ್ತಿಕೊಳ್ಳುತ್ತವೆ, ನಾವು 'ಕಣ್ಣಾರೆ ಕಂಡೆವು' ಎಂದುಕೊಂಡು ಮನೆಗೆ ಬರುತ್ತೇವೆ.

ಸಾಕ್ಷ್ಯಚಿತ್ರಗಳು ಸುಳ್ಳು ಹೇಳುತ್ತವೆ ಎಂಬ ಹಳೆಯ ದೂರನ್ನು ಇಲ್ಲಿ ಮತ್ತೆ ಹೂಡುವ ಉದ್ದೇಶವಿಲ್ಲ. ಆ ಪ್ರಕಾರದ ಆದಿಗ್ರಂಥವೆಂದು ಎಣಿಸಲಾಗುವ ರಾಬರ್ಟ್ ಫ್ಲಾಹರ್ಟಿಯ 'ನಾನೂಕ್ ಆಫ್ ದ ನಾರ್ತ್' (1922) ಚಿತ್ರದಲ್ಲೇ ಬೇಕಾದಷ್ಟು ಹುಸಿಗಳಿವೆ. ನಾಯಕನ ನಿಜವಾದ ಹೆಸರು ನಾನೂಕ್ ಅಲ್ಲ. ಬಂದೂಕು ಬಳಸಲು ಕಲಿತಿದ್ದ ಜನರ ಕೈಗೆ ಈಟಿ ಕೊಟ್ಟು ಬೇಟೆಯಾಡಿಸಲಾಯಿತು. ಒಳಗೆ ಬೆಳಕು ಸಾಲದೆಂದು ಹಿಮದ ಮನೆಯನ್ನು ಅರ್ಧಕ್ಕೆ ಕತ್ತರಿಸಿ ಕಟ್ಟಲಾಯಿತು. ಇಂಥ ಹುಸಿಗಳು ಎಂದಾದರೊಮ್ಮೆ ಬಯಲಾಗುತ್ತವೆ. ಬಯಲಾಗದೆ ಉಳಿಯುವುದು ಬೇರೊಂದು. ಒಂದೂ ಸುಳ್ಳಾಡದೆ, ಕೇವಲ ಯಾರು ಮಾತನಾಡಬೇಕು, ಯಾರು ಸುಮ್ಮನೆ ಕಾಣಿಸಿಕೊಳ್ಳಬೇಕು ಎಂಬ ತೀರ್ಮಾನದ ಮೂಲಕವೇ ಸಮಾಜದ ಬಗ್ಗೆ ನಮ್ಮ ತಿಳಿವಳಿಕೆಯನ್ನು ರೂಪಿಸಿಬಿಡುವ ತಂತ್ರ ಅದು. ಅದರ ಅತ್ಯುತ್ತಮ ನಿದರ್ಶನಕ್ಕಾಗಿ ನಾವು ಉತ್ತರ ಧ್ರುವದತ್ತ ನೋಡಬೇಕಿಲ್ಲ.

1948ರಲ್ಲಿ ಭಾರತ ಸರ್ಕಾರ ಫಿಲಂಸ್ ಡಿವಿಷನ್ ಸ್ಥಾಪಿಸಿತು. ಚಿತ್ರಮಂದಿರದಲ್ಲಿ ಮುಖ್ಯ ಚಿತ್ರಕ್ಕೆ ಮೊದಲು ಅದರ ವಾರ್ತಾಚಿತ್ರವನ್ನೋ ಕಿರುಚಿತ್ರವನ್ನೋ ತೋರಿಸುವುದು ಪರವಾನಗಿಯ ಷರತ್ತಾಗಿತ್ತು. ಅದಕ್ಕಾಗಿ ಚಿತ್ರಮಂದಿರದವರು ಶುಲ್ಕವನ್ನೂ ತೆರಬೇಕಿತ್ತು. ಈ ಕಡ್ಡಾಯವನ್ನು 1999ರಲ್ಲಿ ಸುಪ್ರೀಂ ಕೋರ್ಟ್ ಕೂಡ ಎತ್ತಿಹಿಡಿಯಿತು. ರಾಜ್‌ಕುಮಾರ್ ಚಿತ್ರ ನೋಡಲು ಹೋದವರೆಲ್ಲರೂ ಬಯಸಲಿ ಬಿಡಲಿ ಅಣೆಕಟ್ಟು, ಉಕ್ಕಿನ ಕಾರ್ಖಾನೆ, ಪ್ರವಾಹ ಪರಿಹಾರ, ಗಣ್ಯರ ವಿದೇಶ ಪ್ರವಾಸಗಳನ್ನು ದಾಟಿಯೇ ಮುಂದೆ ಹೋಗಬೇಕಿತ್ತು. ಹಲವರು ಆ ಹೊತ್ತಿನಲ್ಲಿ ಹೊರಗೆ ನಿಂತು ಬೀಡಿ ಸೇದುತ್ತಿದ್ದರು ಎಂಬುದು ಬೇರೆ ಮಾತು.

ಆ ಚಿತ್ರಗಳ ದೃಶ್ಯಗಳು ಇಂದು ಮರೆತಿರಬಹುದು, ಧ್ವನಿ ಮರೆತಿಲ್ಲ. ತುಂಬು ಕಂಠದ, ಎಲ್ಲಿಯೂ ತಡವರಿಸದ, ಎಂದೂ ಅನುಮಾನಿಸದ ಗಂಡು ಧ್ವನಿ. ಮಾತನಾಡುವವನು ತೆರೆಯ ಮೇಲೆ ಕಾಣಿಸಿಕೊಳ್ಳುವುದಿಲ್ಲ, ಕಾಣಿಸಿಕೊಳ್ಳುವವರು ಮಾತನಾಡುವುದಿಲ್ಲ. ರೈತ ನೇಗಿಲು ಹಿಡಿದಿರುತ್ತಾನೆ, ಹೆಂಗಸು ಬುಟ್ಟಿ ಹೊತ್ತಿರುತ್ತಾಳೆ, ಮಗು ಹಲಗೆಯ ಮೇಲಿನ ಅಕ್ಷರ ನೋಡುತ್ತಿರುತ್ತದೆ, ಧ್ವನಿ ಅವರ ಪರವಾಗಿ ಎಲ್ಲವನ್ನೂ ಹೇಳುತ್ತದೆ. ಅದೇ ಚಿತ್ರಿಕೆಗಳಿಗೆ ಹತ್ತಾರು ಭಾಷೆಗಳಲ್ಲಿ ಅದೇ ಮಾತು ಅಂಟಿಸಿ ದೇಶದ ಮೂಲೆಮೂಲೆಗೆ ಕಳುಹಿಸಲಾಗುತ್ತಿತ್ತು. ಕನ್ನಡದಲ್ಲಿ ಕೇಳಿಬರುತ್ತಿದ್ದುದು ಯಾವ ಜಿಲ್ಲೆಯವರೂ ಮನೆಯಲ್ಲಿ ಆಡದ ಕನ್ನಡ. ಸರ್ಕಾರಕ್ಕೆ ಊರಿಲ್ಲ, ಹಾಗಾಗಿ ಅದರ ನುಡಿಗೂ ಊರಿಲ್ಲ.

ಈ ಧ್ವನಿ ಹೇಳಿದ್ದರಲ್ಲಿ ಸುಳ್ಳು ಎಷ್ಟಿತ್ತು ಎಂದು ಹುಡುಕಿದರೆ ಹೆಚ್ಚೇನೂ ಸಿಗಲಾರದು. ಅಣೆಕಟ್ಟು ಕಟ್ಟಿದ್ದು ನಿಜ, ಸಿಡುಬಿನ ಲಸಿಕೆ ಹಾಕಿದ್ದು ನಿಜ. ಆದರೆ ದಶಕಗಳ ಕಾಲ ವಾರವಾರವೂ ಒಂದೇ ರೀತಿಯಲ್ಲಿ ಕಂಡಿದ್ದು ನೋಡುಗರ ಒಳಗೆ ಒಂದು ನಕ್ಷೆಯಾಗಿ ಇಳಿಯಿತು. ಆ ನಕ್ಷೆಯಲ್ಲಿ ಯೋಚಿಸುವವರು ಒಂದು ಕಡೆ ಇದ್ದಾರೆ, ಯೋಚನೆಗೆ ವಸ್ತುವಾದವರು ಇನ್ನೊಂದು ಕಡೆ. ಬಾಲ್ಕನಿಯಲ್ಲಿ ಕುಳಿತ ವಿದ್ಯಾವಂತ ಮಧ್ಯಮವರ್ಗ ಸಹಜವಾಗಿಯೇ ತನ್ನನ್ನು ಆ ಧ್ವನಿಯ ಜೊತೆಗೆ ಗುರುತಿಸಿಕೊಂಡಿತು. 'ಈ ಜನಕ್ಕೆ ತಿಳಿವಳಿಕೆ ಇಲ್ಲ' ಎಂದು ನಾವು ಇಂದಿಗೂ ಎಷ್ಟು ಸಲೀಸಾಗಿ ಹೇಳುತ್ತೇವೆಂಬುದನ್ನು ಗಮನಿಸಿದರೆ ಆ ಪಾಠ ಎಷ್ಟು ಆಳಕ್ಕೆ ಇಳಿದಿದೆಯೆಂಬುದು ಹೊಳೆಯುತ್ತದೆ.

ಫಿಲಂಸ್ ಡಿವಿಷನ್ನಿನ ಒಳಗೇ ಇದಕ್ಕೆ ಅಪವಾದಗಳು ಹುಟ್ಟಿದವು. ಎಸ್.ಎನ್.ಎಸ್. ಶಾಸ್ತ್ರಿ 1967ರಲ್ಲಿ ಮಾಡಿದ 'ಐ ಆ್ಯಮ್ 20' ಚಿತ್ರದಲ್ಲಿ ಸ್ವಾತಂತ್ರ್ಯದ ವರ್ಷ ಹುಟ್ಟಿದ ಯುವಕ ಯುವತಿಯರು ಕ್ಯಾಮೆರಾ ನೋಡಿ ತಾವೇ ಮಾತನಾಡುತ್ತಾರೆ. ಕೆಲವರಲ್ಲಿ ಉತ್ಸಾಹವಿದೆ, ಕೆಲವರು ನಿರಾಸೆಯನ್ನು ಮುಚ್ಚಿಡುವುದಿಲ್ಲ. ಸರ್ಕಾರಿ ಹಣದಲ್ಲಿ ತಯಾರಾದ ಚಿತ್ರವೊಂದು ಇಪ್ಪತ್ತರ ಹರೆಯದವರ ಮಾತನ್ನು ತಿದ್ದದೆ ಕೇಳಿಸಿತೆಂಬುದು ಇಂದು ನೋಡಿದರೂ ಬೆರಗು ಹುಟ್ಟಿಸುತ್ತದೆ. ಆದರೆ ಇಂಥವು ಬೆರಳೆಣಿಕೆಯಷ್ಟು.

ತಂತ್ರ ಬದಲಾದರೆ ಸಮಾಜದ ಚಿತ್ರ ಎಷ್ಟು ಬದಲಾಗುತ್ತದೆ ಎಂಬುದನ್ನು ಅರಿಯಲು ಕುಟುಂಬ ಯೋಜನೆಯ ವಿಷಯವನ್ನೇ ನೋಡಬೇಕು. 1952ರಲ್ಲಿ ಆರಂಭವಾದ ಈ ಕಾರ್ಯಕ್ರಮ ಸರ್ಕಾರಿ ಚಿತ್ರಗಳಿಗೆ ಬಹುಕಾಲ ನೆಚ್ಚಿನ ವಸ್ತುವಾಗಿತ್ತು. ಕೆಂಪು ತ್ರಿಕೋನ, ನಗುವ ಚಿಕ್ಕ ಸಂಸಾರ, ಅದರ ಪಕ್ಕದಲ್ಲಿ ಹಸಿದ ಮಕ್ಕಳ ದೊಡ್ಡ ಸಂಸಾರ, ಎರಡಕ್ಕೂ ಸೇತುವೆಯಾಗಿ ಅದೇ ಹಿನ್ನೆಲೆ ಧ್ವನಿ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಗಂಡಸರ ಮೇಲಿನ ಬಲವಂತ ಚುನಾವಣೆಯಲ್ಲಿ ದುಬಾರಿಯಾದ ಮೇಲೆ ಗುರಿಯ ಭಾರ ಹೆಂಗಸರ ಮೇಲೆ ಬಿತ್ತು.

ಬೆಂಗಳೂರಿನಲ್ಲಿ ನೆಲೆಸಿರುವ ದೀಪಾ ಧನರಾಜ್ 1991ರಲ್ಲಿ 'ಸಮ್‌ಥಿಂಗ್ ಲೈಕ್ ಎ ವಾರ್' ಚಿತ್ರ ಮಾಡಿದ್ದು ಇದೇ ವಿಷಯದ ಮೇಲೆ. ಅಲ್ಲಿ ಎರಡು ಬಗೆಯ ದೃಶ್ಯಗಳು ಒಂದರ ಬೆನ್ನಿಗೊಂದು ಬರುತ್ತವೆ. ಒಂದು, ಶಸ್ತ್ರಚಿಕಿತ್ಸಾ ಶಿಬಿರ. ಹೆಂಗಸರನ್ನು ಸಾಲಾಗಿ ಮಲಗಿಸಲಾಗಿದೆ. ವೈದ್ಯರು ತಾವು ಎಷ್ಟು ಸಾವಿರ ಮಂದಿಗೆ ಎಷ್ಟು ವೇಗದಲ್ಲಿ ಮಾಡಿದ್ದೇವೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಇನ್ನೊಂದು, ಹಳ್ಳಿಯ ಹೆಂಗಸರ ಗುಂಪು. ಅವರು ಸುತ್ತ ಕುಳಿತು ಹೆಣ್ಣಿನ ಶರೀರದ ಚಿತ್ರ ಬರೆಯುತ್ತಾರೆ. ಮುಟ್ಟು, ಹೆರಿಗೆ, ಬಯಕೆ, ಸತ್ತುಹೋದ ಮಕ್ಕಳು ಹೀಗೆ ಒಂದೊಂದನ್ನೇ ಎತ್ತಿಕೊಂಡು ನಗುತ್ತ, ಒಮ್ಮೊಮ್ಮೆ ವಾದಿಸುತ್ತ ಮಾತನಾಡುತ್ತಾರೆ. ನಿರ್ದೇಶಕಿ ಅವಸರಪಡುವುದಿಲ್ಲ. ಸರ್ಕಾರಿ ಚಿತ್ರಗಳಲ್ಲಿ ಬುಟ್ಟಿ ಹೊತ್ತು ಮೂಕವಾಗಿ ಸಾಗಿಹೋಗುತ್ತಿದ್ದ ಅದೇ ಹೆಂಗಸು ಇಲ್ಲಿ ಲೆಕ್ಕಾಚಾರವುಳ್ಳವಳು, ವಿವೇಕವುಳ್ಳವಳು. ತನಗೆ ಎಷ್ಟು ಮಕ್ಕಳು ಏಕೆ ಬೇಕು ಎಂಬುದಕ್ಕೆ ಅವಳ ಬಳಿ ಕಾರಣಗಳಿವೆ. 'ತಿಳಿವಳಿಕೆ ಇಲ್ಲ' ಎಂಬ ನಮ್ಮ ಮಾತು ಈ ಹೆಂಗಸರ ಮುಂದೆ ನಿಲ್ಲುವುದಿಲ್ಲ. ವಿಧಾನದಿಂದ ವಿಧಾನಕ್ಕೆ ಇರುವ ಅಂತರ ಇಲ್ಲಿ ಕಲೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಯಾರ ದೇಹದ ಮೇಲೆ ಯಾರಿಗೆ ಅಧಿಕಾರ ಎಂಬ ಪ್ರಶ್ನೆಯಾಗುತ್ತದೆ. ಮೇಲಿನಿಂದ ಹೇರುವ ಸಂಖ್ಯಾ ಗುರಿಗಳನ್ನು ಕೇಂದ್ರ ಸರ್ಕಾರ ಕೈಬಿಟ್ಟಿದ್ದು 1996ರಲ್ಲಿ. ಅದಕ್ಕೆ ಈ ಚಿತ್ರವೇ ಕಾರಣವೆನ್ನಲಾಗದು. ಮಹಿಳಾ ಸಂಘಟನೆಗಳ ದೀರ್ಘ ಹೋರಾಟ ಅದರ ಹಿಂದಿತ್ತು.

ಈ ಕೇಳುವ ವಿಧಾನವನ್ನು ದೀಪಾ ಮತ್ತು ಅವರ ಗೆಳತಿಯರು ರೂಢಿಸಿಕೊಂಡಿದ್ದು ಮೊದಲೇ, 'ಯುಗಾಂತರ್' ಎಂಬ ತಂಡ ಕಟ್ಟಿಕೊಂಡಾಗ. ನಮ್ಮದೇ ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಣ್ಣಾಳುಗಳ ಹೋರಾಟದ ಬಗ್ಗೆ 1982ರಲ್ಲಿ ಅವರು ಮಾಡಿದ 'ತಂಬಾಕು ಚಾಕಿಲಾ ಊಬ್ ಆಲಿ' ಚಿತ್ರವನ್ನು ಕನ್ನಡಿಗರಲ್ಲಿ ಎಷ್ಟು ಮಂದಿ ನೋಡಿದ್ದಾರೋ. ತಿಂಗಳುಗಟ್ಟಲೆ ಅವರ ಜೊತೆಗಿದ್ದು, ಅವರ ಮಾತು ಕೇಳಿ, ಆಮೇಲೆ ತೆಗೆದ ಚಿತ್ರ ಅದು. ತಂಬಾಕಿನ ದೂಳು, ಕೂಲಿಯ ಮೋಸ, ಮೇಲ್ವಿಚಾರಕರ ಕಾಟ ಎಲ್ಲವೂ ಆ ಹೆಂಗಸರ ಮರಾಠಿಯಲ್ಲೇ ಬರುತ್ತವೆ. ಬೆಂಗಳೂರಿನವರೇ ಆದ ಚಲಂ ಬೆನ್ನೂರಕರ್ 1990ರಲ್ಲಿ ಶಿವಕಾಶಿಯ ಬೆಂಕಿಪೊಟ್ಟಣ, ಪಟಾಕಿ ಕಾರ್ಖಾನೆಗಳ ಮಕ್ಕಳ ಬಗ್ಗೆ ಮಾಡಿದ ಚಿತ್ರದಲ್ಲೂ ಮಕ್ಕಳೇ ಮಾತನಾಡುತ್ತಾರೆ.

ಹಾಗಾದರೆ ನೊಂದವರ ಬಾಯಿಗೆ ಮೈಕು ಹಿಡಿದರೆ ಸಾಕೇ? ಅದೂ ಅಷ್ಟು ಸರಳವಲ್ಲ. 1935ರಲ್ಲಿ ಬ್ರಿಟನ್ನಿನಲ್ಲಿ ತಯಾರಾದ 'ಹೌಸಿಂಗ್ ಪ್ರಾಬ್ಲಮ್ಸ್' ಎಂಬ ಚಿತ್ರದಲ್ಲಿ ಲಂಡನ್ನಿನ ಕೊಳೆಗೇರಿಯ ನಿವಾಸಿಗಳು ತಮ್ಮ ಮುರುಕು ಮನೆಗಳಲ್ಲೇ ನಿಂತು ಇಲಿ, ತಿಗಣೆ, ಸೋರುವ ಗೋಡೆಗಳ ಬಗ್ಗೆ ತಮ್ಮದೇ ಮಾತಿನಲ್ಲಿ ಹೇಳಿಕೊಳ್ಳುತ್ತಾರೆ. ಆ ಕಾಲಕ್ಕೆ ಅದು ಕ್ರಾಂತಿಕಾರಿ ಕ್ರಮ. ಚಿತ್ರಕ್ಕೆ ಹಣ ಕೊಟ್ಟಿದ್ದು ಅಡುಗೆ ಅನಿಲ ಮಾರುವ ಕಂಪನಿಗಳ ಸಂಘ. ಹಳೆಯ ಕೇರಿ ಕೆಡವಿ ಹೊಸ ಮನೆ ಕಟ್ಟಿದರೆ ಅನಿಲದ ಕೊಳವೆಗೆ ಗಿರಾಕಿ ಸಿಗುತ್ತಾನೆ. ನಿವಾಸಿಗಳು ಹೇಳಿದ್ದೆಲ್ಲವೂ ಅಕ್ಷರಶಃ ನಿಜ. ಅವರಿಗೆ ಕೇಳದೆ ಬಿಟ್ಟ ಪ್ರಶ್ನೆಗಳಲ್ಲಿ ಕಂಪನಿಯ ಹಿತವಿತ್ತು.

ಆನಂದ್ ಪಟವರ್ಧನ್ ಅವರ 'ಹಮಾರಾ ಶಹರ್' (1985) ಮುಂಬಯಿಯ ಕೊಳೆಗೇರಿ ತೆರವಿನ ಕುರಿತಾದದ್ದು. ಅದರ ಮುಖ್ಯ ಆಯುಧ ಸಂಕಲನ. ಗುಡಿಸಲು ಕೆಡವುವ ದೃಶ್ಯದ ಪಕ್ಕದಲ್ಲೇ ಅನುಕೂಲಸ್ಥರ ಆರಾಮದ ಮಾತುಗಳನ್ನು ಇಟ್ಟರೆ ಹಿನ್ನೆಲೆ ಧ್ವನಿಯ ಅಗತ್ಯವೇ ಇರುವುದಿಲ್ಲ. ತೀರ್ಪು ತಾನಾಗಿ ನೋಡುಗರ ತಲೆಯಲ್ಲಿ ಹುಟ್ಟುತ್ತದೆ, ಅದು ತಮ್ಮದೇ ತೀರ್ಪು ಎಂದೂ ಅವರು ನಂಬುತ್ತಾರೆ. ಈ ಅರ್ಥದಲ್ಲಿ ಸಂಕಲನಕಾರನ ಕತ್ತರಿಯೂ ಒಂದು ಹಿನ್ನೆಲೆ ಧ್ವನಿಯೇ. ಪಟವರ್ಧನ್ ಅವರ ಪಕ್ಷಪಾತ ನನಗೆ ಒಪ್ಪಿಗೆಯಾದರೂ ಈ ಮಾತನ್ನು ಹೇಳಬೇಕು. ಆದರೆ ಅದೇ ಚಿತ್ರದಲ್ಲಿ ಮನೆ ಕಳೆದುಕೊಂಡ ಒಬ್ಬ ಹೆಂಗಸು ಕ್ಯಾಮೆರಾ ಹಿಡಿದವರ ಮೇಲೆಯೇ ತಿರುಗಿಬೀಳುತ್ತಾಳೆ. ಬಡವರ ಚಿತ್ರ ತೆಗೆದುಕೊಂಡು ಹೋಗುವ ನಿಮ್ಮಿಂದ ನಮಗೇನು ಲಾಭ ಎಂಬುದು ಅವಳ ಪ್ರಶ್ನೆಯ ತಿರುಳು. ನಿರ್ದೇಶಕರು ಅದನ್ನು ಕತ್ತರಿಸಿ ಬಿಸಾಡಬಹುದಿತ್ತು. ಹಾಗೆ ಮಾಡದೆ ಉಳಿಸಿಕೊಂಡರು. ಸಾಕ್ಷ್ಯಚಿತ್ರಕ್ಕೆ ಅದರೊಳಗೇ ನಡೆದ ಪಾಟಿ ಸವಾಲು ಅದು.

ಇಂದು ಫಿಲಂಸ್ ಡಿವಿಷನ್ ಪ್ರತ್ಯೇಕ ಸಂಸ್ಥೆಯಾಗಿ ಉಳಿದಿಲ್ಲ. 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಯಿತು. ಸರ್ಕಾರಿ ಧ್ವನಿಯ ಕಡ್ಡಾಯ ತಪ್ಪಿದ ಮೇಲೆ ನಮ್ಮ ಮನೆಗಳಿಗೆ ಬಂದಿರುವುದು ಓಟಿಟಿ ವೇದಿಕೆಗಳ ಅಪರಾಧ ಸಾಕ್ಷ್ಯಚಿತ್ರಗಳ ಸರಣಿಗಳು. ಅವುಗಳ ನೆಚ್ಚಿನ ತಂತ್ರ ನಟರಿಂದ ಘಟನೆಯ ಮರುಅಭಿನಯ. ಎರೊಲ್ ಮಾರಿಸ್ 1988ರ 'ದ ಥಿನ್ ಬ್ಲೂ ಲೈನ್' ಚಿತ್ರದಲ್ಲಿ ಇದನ್ನು ಬಳಸಿದ್ದು ಅನುಮಾನ ಹುಟ್ಟಿಸಲು. ಅಮೆರಿಕದ ಡಲ್ಲಾಸ್‌ನಲ್ಲಿ 1976ರಲ್ಲಿ ನಡೆದ ಪೊಲೀಸ್ ಅಧಿಕಾರಿಯ ಕೊಲೆಯನ್ನು ಅವರು ಮತ್ತೆ ಮತ್ತೆ ಅಭಿನಯಿಸಿ ತೋರಿಸಿದರು. ಪ್ರತಿ ಸಲವೂ ಒಬ್ಬೊಬ್ಬ ಸಾಕ್ಷಿ ಹೇಳಿದ ಹಾಗೆ, ಒಂದಕ್ಕೊಂದು ಹೊಂದದ ಹಾಗೆ. ಸಾಕ್ಷಿಗಳ ಟೊಳ್ಳು ಬಯಲಾಗಿ, ಶಿಕ್ಷೆ ಅನುಭವಿಸುತ್ತಿದ್ದ ರಾಂಡಲ್ ಆ್ಯಡಮ್ಸ್ 1989ರಲ್ಲಿ ಬಿಡುಗಡೆಯಾದ. ಇಂದಿನ ಸರಣಿಗಳಲ್ಲಿ ಬಹುಪಾಲು ಅದೇ ತಂತ್ರವನ್ನು ತಿರುಗುಮುರುಗಾಗಿಸಿವೆ. ನಸುಗತ್ತಲು, ನಿಧಾನಗತಿ, ಬಾಗಿಲಿನ ಕೀರಲು, ಎದೆ ಬಡಿತದಂಥ ಸಂಗೀತದ ನಡುವೆ ಒಂದೇ ಕಥನವನ್ನು ಅಭಿನಯಿಸಲಾಗುತ್ತದೆ. ಮೊಕದ್ದಮೆ ಇನ್ನೂ ನಡೆಯುತ್ತಿದ್ದರೂ ನೋಡಿದವರ ಪಾಲಿಗೆ ಅದು ಮುಗಿದುಹೋಗಿರುತ್ತದೆ. ನೆರೆಹೊರೆಯವರ ಬಗ್ಗೆ, ಹೊರಗಿನಿಂದ ಬಂದ ಕೂಲಿಯವರ ಬಗ್ಗೆ ನಮ್ಮ ಬಡಾವಣೆಗಳಲ್ಲಿ ಹಬ್ಬಿರುವ ಗುಮಾನಿಗೆ ಇವೂ ನೀರೆರೆದಿವೆ ಎಂದೇ ನನ್ನ ಭಾವನೆ.

ಧ್ವನಿ, ಕತ್ತರಿ, ಅಭಿನಯ ಇವೆಲ್ಲ ಹೇಗೋ ಗಮನಕ್ಕೆ ಬರುತ್ತವೆ. ಚೌಕಟ್ಟಿನಿಂದ ಹೊರಗುಳಿದದ್ದು ಮಾತ್ರ ಬರುವುದಿಲ್ಲ. ಸಮಾಜಕ್ಕೂ ತಮಗೂ ಸಂಬಂಧವೇ ಇಲ್ಲವೆಂಬಂತಿರುವ ವನ್ಯಜೀವಿ ಚಿತ್ರಗಳಲ್ಲಿ ಇದು ನಿಚ್ಚಳ. ಬಹು ದೂರದಿಂದ ಲೆನ್ಸು ಹುಲಿಯನ್ನು ಹಿಡಿಯಬಲ್ಲದು, ಅಷ್ಟು ದೂರದಿಂದ ಅದರ ಹೆಜ್ಜೆಯ ಸಪ್ಪಳ ಹಿಡಿಯಲಾಗದು; ಹಾಗಾಗಿ ತರಗೆಲೆಯ ಸದ್ದನ್ನು ಹೆಚ್ಚಾಗಿ ಸ್ಟುಡಿಯೋದಲ್ಲಿ ಸೇರಿಸುತ್ತಾರೆ. ಅದು ನಿರಪಾಯಕಾರಿ. 2020ರಲ್ಲಿ ತೆರೆಕಂಡ 'ವೈಲ್ಡ್ ಕರ್ನಾಟಕ'ಕ್ಕೆ ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೊ, ಕನ್ನಡದಲ್ಲಿ ರಿಷಬ್ ಶೆಟ್ಟಿ ಧ್ವನಿಯಾದಾಗ ನಮ್ಮ ಕಾಡಿನ ಬಗ್ಗೆ ನಮಗೇ ಹೆಮ್ಮೆ ಹುಟ್ಟಿತು, ಅದೂ ಒಳ್ಳೆಯದೇ. ಆದರೆ ಈ ಪ್ರಕಾರದ ಚಿತ್ರಗಳ ಬಹುಕಾಲದ ವಾಡಿಕೆಯೆಂದರೆ ಮನುಷ್ಯರು ಕಾಣದ ಹಾಗೆ ಚೌಕಟ್ಟು ಹಾಕುವುದು. ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟಗಳ ಬಗ್ಗೆ ನಗರವಾಸಿಗಳ ತಿಳಿವಳಿಕೆ ಬಹುಮಟ್ಟಿಗೆ ಇಂಥ ಚಿತ್ರಗಳಿಂದ ಬಂದದ್ದು. ಸೋಲಿಗರ, ಜೇನುಕುರುಬರ ಮಾತು ಬಂದಾಗ 'ಹುಲಿ ಇರುವ ಕಾಡಿನಲ್ಲಿ ಜನಕ್ಕೇನು ಕೆಲಸ' ಎಂಬ ಪ್ರಶ್ನೆ ನಮ್ಮಲ್ಲಿ ಅಷ್ಟು ಬೇಗ ಹುಟ್ಟುವುದು ಅದಕ್ಕೇ.

2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯ ಅಡಿ ಸಮುದಾಯ ಹಕ್ಕುಗಳು ದೊರೆತವು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಹಾಗೆ ಹಕ್ಕು ದೊರೆತದ್ದು ದೇಶದಲ್ಲೇ ಮೊದಲು. ಆ ಸುದ್ದಿ ಓದಿ ಕಾಡಿನೊಳಗೆ ಅಷ್ಟೊಂದು ಪೋಡುಗಳಿವೆಯೇ ಎಂದು ಅಚ್ಚರಿಪಟ್ಟವರಲ್ಲಿ ಆ ಬೆಟ್ಟದ ಹುಲಿ, ಆನೆ, ಕಾಟಿಗಳನ್ನು ತೆರೆಯ ಮೇಲೆ ಹತ್ತಾರು ಬಾರಿ ನೋಡಿದ್ದವರೂ ಇದ್ದರು.